ರ‍್ಯಾಲಿಯ ಹಿಮ್ಮೇಳಕ್ಕೂ ಒಂದು ಹೆಸರಿದೆ

ರ‍್ಯಾಲಿ ಕಾರನ್ನು ಹತ್ತಿರದಿಂದ ನೋಡಿದವರಿಗೆ ಗೊತ್ತಿರುತ್ತದೆ, ಅದರ ಹಿಂಬದಿ ಕಿಟಕಿಯ ಗಾಜಿನ ಮೇಲೆ ಎರಡು ಹೆಸರುಗಳಿರುತ್ತವೆ. ಒಂದು ಸ್ಟೇರಿಂಗ್ ಹಿಡಿದವರದ್ದು, ಇನ್ನೊಂದು ಪಕ್ಕದ ಸೀಟಿನಲ್ಲಿ ಕೂತವರದ್ದು. ಫಲಿತಾಂಶದ ಪಟ್ಟಿಯಲ್ಲೂ ಎರಡು ಹೆಸರು, ನಡುವೆ ಒಂದು ಅಡ್ಡಗೆರೆ. ಮಾರನೇ ದಿನ ಪೇಪರ್ ಬಿಡಿಸಿದರೆ ಮಾತ್ರ ಒಂದೇ ಹೆಸರು. ಗೆದ್ದ ಚಾಲಕನ ಫೋಟೋ, ಅವನ ಊರು, ಅವನ ಮಾತು. ಪಕ್ಕದ ಸೀಟಿನವರು ಎಲ್ಲಿ ಹೋದರು? ಜಾಗ ಸಾಲದೆ ಕೊನೆಯ ಸಾಲಿನ ಜೊತೆ ಡೆಸ್ಕಿನಲ್ಲೇ ಕತ್ತರಿಸಿಹೋಗಿರುತ್ತಾರೆ.

ಇದು ಬರೀ ಜಾಗದ ಸಮಸ್ಯೆ ಅಂತ ನನಗೆ ಅನ್ನಿಸುವುದಿಲ್ಲ. ಕೋ-ಡ್ರೈವರ್ ಅಂದರೆ ಏನು ಕೆಲಸ ಅನ್ನುವುದೇ ನಮ್ಮಲ್ಲಿ ಬಹಳ ಜನಕ್ಕೆ ತಿಳಿದಿಲ್ಲ. ಚಾಲಕನಿಗೆ ಜೊತೆಗೊಬ್ಬ, ದಾರಿ ತಪ್ಪದ ಹಾಗೆ ಮ್ಯಾಪ್ ನೋಡುವವ, ಅಷ್ಟೇ ಅಂದುಕೊಂಡಿದ್ದೇವೆ. ಅದು ಸರಿಯಲ್ಲ. ರ‍್ಯಾಲಿ ಕಾರನ್ನು ಇಬ್ಬರು ಓಡಿಸುತ್ತಾರೆ. ಒಬ್ಬರು ಕೈಕಾಲಿನಿಂದ, ಇನ್ನೊಬ್ಬರು ಬಾಯಿಯಿಂದ. ಇದನ್ನು ಅರ್ಥ ಮಾಡಿಕೊಳ್ಳದೆ ಬರೆದ ರ‍್ಯಾಲಿ ಸುದ್ದಿ ಅರ್ಧ ಸುದ್ದಿ.

ಮೊದಲು ರ‍್ಯಾಲಿ ಎಂದರೇನು ನೋಡೋಣ. ಸರ್ಕೀಟ್ ರೇಸಿನಲ್ಲಿ ಅದೇ ನಾಲ್ಕೈದು ಕಿಲೋಮೀಟರ್ ಟ್ರ್ಯಾಕನ್ನು ಚಾಲಕ ಐವತ್ತು ಅರವತ್ತು ಸಲ ಸುತ್ತುತ್ತಾನೆ. ಪ್ರತಿ ತಿರುವೂ ಅವನ ಮೈಗೆ ಅಂಟಿಕೊಂಡಿರುತ್ತದೆ. ರ‍್ಯಾಲಿ ಹಾಗಲ್ಲ. ಕಾಡಿನ ರಸ್ತೆ, ಎಸ್ಟೇಟ್ ಒಳಗಿನ ಮಣ್ಣು ರಸ್ತೆ, ಗುಡ್ಡದ ಡಾಂಬರು ರಸ್ತೆ, ಇವನ್ನು ಕೆಲವು ಗಂಟೆ ಮುಚ್ಚಿ ಸ್ಪೆಷಲ್ ಸ್ಟೇಜ್ ಮಾಡುತ್ತಾರೆ. ಕಾರುಗಳನ್ನು ಒಟ್ಟಿಗೆ ಬಿಡುವುದಿಲ್ಲ, ಒಂದೆರಡು ನಿಮಿಷ ಅಂತರ ಕೊಟ್ಟು ಒಂದೊಂದಾಗಿ ಬಿಡುತ್ತಾರೆ. ಸ್ಪರ್ಧೆ ಗಡಿಯಾರದ ಜೊತೆ. ಇಂಥ ಸ್ಟೇಜುಗಳು ಒಂದು ರ‍್ಯಾಲಿಯಲ್ಲಿ ಹತ್ತು ಹದಿನೈದು ಇರಬಹುದು. ಎಲ್ಲ ಸೇರಿ ನೂರಾರು ಕಿಲೋಮೀಟರ್. ಅಷ್ಟು ದಾರಿಯನ್ನು ಯಾರೂ ಬಾಯಿಪಾಠ ಮಾಡಿಕೊಳ್ಳಲು ಆಗುವುದಿಲ್ಲ.

ಹಾಗಾದರೆ ದಿಬ್ಬದ ಆಚೆ ಏನಿದೆ ಎಂದು ಗೊತ್ತಿಲ್ಲದೆ ಚಾಲಕ ಆಕ್ಸಿಲರೇಟರ್ ಒತ್ತುವುದು ಹೇಗೆ? ಪಕ್ಕದವರು ಹೇಳುವುದನ್ನು ನಂಬಿ. ಕಣ್ಣಿಗೆ ಕಾಣುವ ರಸ್ತೆಯನ್ನಷ್ಟೇ ನೆಚ್ಚಿಕೊಂಡರೆ ಅವನು ಪ್ರತಿ ಮುರುಕಿಗೂ ಬ್ರೇಕ್ ಹಾಕಬೇಕು. ಕಿವಿಗೆ ಬೀಳುವ ರಸ್ತೆಯನ್ನು ನಂಬಿದರೆ ಮಾತ್ರ ವೇಗ ಸಿಗುತ್ತದೆ. ರ‍್ಯಾಲಿ ಚಾಲಕ ಓಡಿಸುವುದು ಕೇಳಿದ ರಸ್ತೆಯನ್ನು.

ಆ ರಸ್ತೆ ತಯಾರಾಗುವುದು ಸ್ಪರ್ಧೆಗೆ ಮುಂಚೆ. ಅದನ್ನು ರೆಕ್ಕಿ ಅನ್ನುತ್ತಾರೆ. ವಿಶ್ವ ರ‍್ಯಾಲಿ ಚಾಂಪಿಯನ್‌ಶಿಪ್‌ನಲ್ಲಿ ಸಾಮಾನ್ಯವಾಗಿ ಪ್ರತಿ ಸ್ಟೇಜನ್ನು ಎರಡು ಸಲ ಮಾತ್ರ, ಅದೂ ಕಡಿಮೆ ವೇಗದಲ್ಲಿ, ನೋಡಲು ಬಿಡುತ್ತಾರೆ. ಮೊದಲ ಸಲ ಚಾಲಕ ಓಡಿಸುತ್ತಾ ಒಂದೊಂದು ತಿರುವನ್ನೂ ಹೇಳುತ್ತಾ ಹೋಗುತ್ತಾನೆ, ಕೋ-ಡ್ರೈವರ್ ಕುಲುಕುವ ಕಾರಿನಲ್ಲಿ ಪೆನ್ಸಿಲ್ ಹಿಡಿದು ಸಂಕೇತದಲ್ಲಿ ಬರೆದುಕೊಳ್ಳುತ್ತಾರೆ. ಎರಡನೇ ಸಲ ಬರೆದದ್ದನ್ನು ಓದಿ ತಿದ್ದುತ್ತಾರೆ. ಇದೇ ಪೇಸ್ ನೋಟ್ಸ್. ರಾತ್ರಿ ಹೋಟೆಲ್ ರೂಮಿನಲ್ಲಿ ಕೂತು ರೆಕ್ಕಿಯ ವಿಡಿಯೋ ಹಾಕಿಕೊಂಡು ಮತ್ತೆ ತಿದ್ದುವುದೂ ಉಂಟು.

ನೋಟ್ಸ್ ಹೇಗಿರುತ್ತದೆ ಎಂದರೆ, ತಿರುವಿನ ಬಿಗಿಯನ್ನು ಅಂಕಿಯಲ್ಲಿ ಹೇಳುತ್ತಾರೆ. ತುಂಬಾ ಜನ ಬಳಸುವ ಪದ್ಧತಿಯಲ್ಲಿ ಒಂದು ಎಂದರೆ ಬಹಳ ಬಿಗಿ, ಆರು ಎಂದರೆ ಹೆಚ್ಚುಕಮ್ಮಿ ನೇರ. ಕೆಲವರು ಇದನ್ನೇ ತಿರುವುಮುರುವು ಮಾಡಿಕೊಂಡಿರುತ್ತಾರೆ. ನಡುವಿನ ದೂರ ಮೀಟರಿನಲ್ಲಿ. ಕನ್ನಡದಲ್ಲಿ ಹೇಳುವುದಾದರೆ ಒಂದು ಸಾಲು ಹೀಗಿದ್ದೀತು: "ಬಲ ನಾಲ್ಕು, ದಿಬ್ಬ, ಐವತ್ತು, ಎಡ ಎರಡು, ಬಿಗಿಯಾಗ್ತದೆ, ಒಳಗೆ ಕತ್ತರಿಸಬೇಡ." ಬಲಕ್ಕೆ ಮಧ್ಯಮ ತಿರುವು, ಅದರ ಮೇಲೆ ದಿಬ್ಬ, ಆಮೇಲೆ ಐವತ್ತು ಮೀಟರ್ ನೇರ, ನಂತರ ಎಡಕ್ಕೆ ಬಿಗಿ ತಿರುವು, ಅದು ಹೋಗ್ತಾ ಹೋಗ್ತಾ ಇನ್ನೂ ಬಿಗಿಯಾಗುತ್ತದೆ, ಒಳಬದಿಯಲ್ಲಿ ಚಕ್ರ ಇಳಿಸಬೇಡ, ಅಲ್ಲಿ ಕಲ್ಲೋ ಮೋರಿಯೋ ಇದೆ. ಇಷ್ಟೂ ವಿಷಯ ಮೂರು ನಾಲ್ಕು ಸೆಕೆಂಡಿನಲ್ಲಿ ಕಿವಿ ಸೇರಬೇಕು.

ಈಗ ಸ್ವಲ್ಪ ಲೆಕ್ಕ ಮಾಡಿ. ಗಂಟೆಗೆ 100 ಕಿ.ಮೀ. ವೇಗ ಎಂದರೆ ಸೆಕೆಂಡಿಗೆ ಸುಮಾರು 28 ಮೀಟರ್. ಕೋ-ಡ್ರೈವರ್ ಒಂದು ಸೆಕೆಂಡ್ ತಡಮಾಡಿ ಹೇಳಿದರೆ ಕಾರು ಎರಡು ಖಾಸಗಿ ಬಸ್ಸುಗಳ ಉದ್ದಕ್ಕಿಂತ ಹೆಚ್ಚು ಮುಂದೆ ಹೋಗಿರುತ್ತದೆ. 20 ಕಿ.ಮೀ. ಸ್ಟೇಜನ್ನು ಸರಾಸರಿ 90ರ ವೇಗದಲ್ಲಿ ಮುಗಿಸಲು ಹದಿಮೂರು ನಿಮಿಷ ಬೇಕು. ನೂರು ಮೀಟರಿಗೆ ಒಂದೇ ಸೂಚನೆ ಎಂದಿಟ್ಟುಕೊಂಡರೂ 200 ಸೂಚನೆ, ಅಂದರೆ ನಾಲ್ಕು ಸೆಕೆಂಡಿಗೆ ಒಂದು. ಒಂದನ್ನೂ ಬಿಡುವ ಹಾಗಿಲ್ಲ, ಒಂದನ್ನೂ ಎರಡು ಸಲ ಹೇಳುವ ಹಾಗಿಲ್ಲ.

ತಡ ಮಾಡುವುದು ಹೇಗೆ ತಪ್ಪೋ ಬೇಗ ಹೇಳುವುದೂ ಹಾಗೆಯೇ ತಪ್ಪು. ಮೂರು ತಿರುವು ಮುಂದಿನದ್ದನ್ನು ಈಗಲೇ ಹೇಳಿದರೆ ಚಾಲಕನ ತಲೆಯಲ್ಲಿ ಅದು ಉಳಿಯುವುದಿಲ್ಲ. ಅವನು ಈ ತಿರುವಿನೊಳಗೆ ಇರುವಾಗ ಮುಂದಿನದ್ದು, ಅದರ ಮುಂದಿನದ್ದು ಕಿವಿಯಲ್ಲಿರಬೇಕು. ಕೆಲವು ಚಾಲಕರಿಗೆ ತುಸು ಬೇಗ ಬೇಕು, ಕೆಲವರಿಗೆ ತುಸು ತಡ. ಅದನ್ನು ಕಂಡುಕೊಳ್ಳಲು ಕೆಲವು ಜೋಡಿಗಳಿಗೆ ವರ್ಷಗಳೇ ಬೇಕಾಗುತ್ತವೆ. ಹೀಗೆ ಹೇಳುವಾಗ ಕೋ-ಡ್ರೈವರಿಗೆ ರಸ್ತೆ ಸರಿಯಾಗಿ ಕಾಣುತ್ತಲೂ ಇರುವುದಿಲ್ಲ. ಈಗಿನ ರ‍್ಯಾಲಿ ಕಾರುಗಳಲ್ಲಿ ತೂಕ ಕೆಳಗಿರಲಿ ಎಂದು ಅವರ ಸೀಟನ್ನು ತೀರಾ ತಗ್ಗಿನಲ್ಲಿ ಕೂರಿಸಿರುತ್ತಾರೆ. ಕಣ್ಣು ಪುಸ್ತಕದ ಮೇಲೆ. ಕಾರು ಎಲ್ಲಿದೆ ಎಂಬುದು ಬೆನ್ನು ಸೊಂಟಗಳಿಗೆ ತಿಳಿಯಬೇಕು: ಈಗ ಬ್ರೇಕ್ ಬಿತ್ತು, ಈಗ ಎಡಕ್ಕೆ ಎಳೆಯಿತು, ಈಗ ದಿಬ್ಬ ಹಾರಿತು. ಬಸ್ಸಿನಲ್ಲಿ ಮೊಬೈಲ್ ನೋಡಿದರೆ ವಾಂತಿ ಬರುವ ನಮ್ಮಂಥವರು ಆ ಪುಸ್ತಕ ಓದುವುದನ್ನು ಒಮ್ಮೆ ಊಹಿಸಿಕೊಂಡರೆ ಸಾಕು.

ದನಿಯೂ ಮುಖ್ಯ. ಕಾರು ಜಾರಿ ಬಂಡೆಯ ಪಕ್ಕದಲ್ಲೇ ಹಾದುಹೋದರೂ ಮುಂದಿನ ಸಾಲು ಅದೇ ಸ್ಥಾಯಿಯಲ್ಲಿ ಬರಬೇಕು. ದನಿ ನಡುಗಿದರೆ ಚಾಲಕನ ಕಾಲು ತಾನಾಗಿ ಸಡಿಲಾಗುತ್ತದೆ. ಇನ್ನು ಕೆಲವೊಮ್ಮೆ ಅಪಾಯದ ತಿರುವಿಗೆ ಬೇಕೆಂದೇ ದನಿ ಗಟ್ಟಿ ಮಾಡಬೇಕು. ಒಂದೇ ಪದವನ್ನು ಎರಡು ರೀತಿಯಲ್ಲಿ ಹೇಳಿ ಎರಡು ಅರ್ಥ ಮುಟ್ಟಿಸುವ ಕಲೆ ಅದು.

ಕರಾವಳಿಯವರಿಗೆ, ಮಲೆನಾಡಿನವರಿಗೆ ಇದನ್ನು ವಿವರಿಸಲು ಕಷ್ಟಪಡಬೇಕಿಲ್ಲ. ಯಕ್ಷಗಾನದಲ್ಲಿ ಭಾಗವತರನ್ನು ನೋಡಿ. ಕುಣಿಯುವುದು ವೇಷಧಾರಿ, ಚಪ್ಪಾಳೆ ಅವನಿಗೆ. ಆದರೆ ಎಲ್ಲಿ ಏರಿಸಬೇಕು, ಎಲ್ಲಿ ಇಳಿಸಬೇಕು, ಯಾವಾಗ ಮುಗಿಸಬೇಕು ಎಂಬುದು ಭಾಗವತರ ಕೈಯಲ್ಲಿ. ಅದಕ್ಕೇ ಭಾಗವತನೇ ಮೊದಲನೇ ವೇಷ ಎಂಬ ಮಾತಿದೆ. ಆಟದ ಹ್ಯಾಂಡ್‌ಬಿಲ್ ತೆಗೆದು ನೋಡಿದರೆ ಸಾಮಾನ್ಯವಾಗಿ ಹಿಮ್ಮೇಳದ ಹೆಸರು ಮೊದಲು, ಮುಮ್ಮೇಳ ಆಮೇಲೆ. ಹಳ್ಳಿಯಲ್ಲಿ ಚೀಟಿ ಅಚ್ಚು ಹಾಕಿಸುವವರಿಗೆ ಗೊತ್ತಿರುವ ಈ ಮರ್ಯಾದೆ ಕ್ರೀಡಾ ಪುಟ ಮಾಡುವ ನಮಗೆ ಯಾಕೆ ಗೊತ್ತಾಗುವುದಿಲ್ಲ?

ಕೋ-ಡ್ರೈವರ್ ಕೆಲಸ ಸ್ಟೇಜಿನ ಜೊತೆ ಮುಗಿಯುವುದೂ ಇಲ್ಲ. ಒಂದು ಸ್ಟೇಜಿನಿಂದ ಇನ್ನೊಂದಕ್ಕೆ ಸಾಮಾನ್ಯ ರಸ್ತೆಯಲ್ಲಿ, ಸಂಚಾರ ನಿಯಮ ಪಾಲಿಸಿಕೊಂಡು ಹೋಗಬೇಕು. ನಿಗದಿತ ನಿಮಿಷಕ್ಕೆ ಟೈಮ್ ಕಂಟ್ರೋಲ್ ತಲುಪಿ ಟೈಮ್ ಕಾರ್ಡಿಗೆ ಗುರುತು ಹಾಕಿಸಬೇಕು. ಅಂತಾರಾಷ್ಟ್ರೀಯ ಮೋಟಾರ್ ಕ್ರೀಡಾ ಸಂಸ್ಥೆ ಎಫ್‌ಐಎ ನಿಯಮದಲ್ಲಿ ಒಂದು ನಿಮಿಷ ತಡವಾದರೆ 10 ಸೆಕೆಂಡ್ ದಂಡ, ಒಂದು ನಿಮಿಷ ಬೇಗ ಹೋದರೆ ಪೂರ್ತಿ ಒಂದು ನಿಮಿಷ ದಂಡ. ಸ್ಟೇಜಿನಲ್ಲಿ ಸೆಕೆಂಡಿನ ಹತ್ತನೇ ಒಂದು ಭಾಗಕ್ಕೆ ಹೆಣಗಾಡಿ ಗಳಿಸಿದ್ದೆಲ್ಲ ಇಲ್ಲಿ ಒಂದು ಗಡಿಯಾರ ತಪ್ಪು ನೋಡಿದರೆ ಹೋಯಿತು. ಈ ಲೆಕ್ಕ ಪೂರ್ತಿ ಕೋ-ಡ್ರೈವರದ್ದು. ಟಯರ್ ಪಂಕ್ಚರ್ ಆದರೆ ಇಬ್ಬರೂ ಇಳಿದು ಬದಲಿಸಬೇಕು. ಕಾರು ಪಲ್ಟಿಯಾಗಿ ರಸ್ತೆಯಲ್ಲಿ ನಿಂತರೆ ಹಿಂದಿನ ಕಾರಿಗೆ ಕಾಣುವಂತೆ ಕನಿಷ್ಠ 50 ಮೀಟರ್ ಹಿಂದೆ ಕೆಂಪು ತ್ರಿಕೋನ ಇಡಬೇಕು. ಎಲ್ಲ ಸರಿ ಇದ್ದರೆ "ಓಕೆ" ಫಲಕ, ವೈದ್ಯರು ಬೇಕಿದ್ದರೆ "ಎಸ್‌ಒಎಸ್" ಫಲಕ ತೋರಿಸಬೇಕು. ಈಗಷ್ಟೇ ಮರಕ್ಕೆ ಹೊಡೆದ ಕಾರಿನಿಂದ ಇಳಿದು ಓಡುವವರು ಹೆಚ್ಚಾಗಿ ಆ ಎರಡನೇ ಹೆಸರಿನವರೇ.

ಪತ್ರಿಕೋದ್ಯಮ ಓದಿದವರು ತಪ್ಪದೆ ತಿಳಿದಿರಬೇಕಾದ ಒಂದು ಕತೆ ಇಲ್ಲಿದೆ. 1955ರ ಮೇ 1ರಂದು ಇಟಲಿಯ ಮಿಲ್ಲೆ ಮಿಗ್ಲಿಯಾ ನಡೆಯಿತು. ಈಗಿನ ಅರ್ಥದ ರ‍್ಯಾಲಿ ಅಲ್ಲ ಅದು, ಬ್ರೆಷಿಯಾದಿಂದ ರೋಮ್‌ಗೆ ಹೋಗಿ ವಾಪಸ್ ಬರುವ ಸುಮಾರು 1,600 ಕಿ.ಮೀ. ರಸ್ತೆ ರೇಸ್. ಬ್ರಿಟನ್ನಿನ ಸ್ಟರ್ಲಿಂಗ್ ಮಾಸ್ ಮರ್ಸಿಡಿಸ್ 300 ಎಸ್‌ಎಲ್‌ಆರ್ ಓಡಿಸಿದರು. ಬೆಳಿಗ್ಗೆ 7.22ಕ್ಕೆ ಹೊರಟ ಕಾರಾದ್ದರಿಂದ ಅದರ ನಂಬರ್ 722. ಪಕ್ಕದ ಸೀಟಿನಲ್ಲಿದ್ದವರು ಡೆನಿಸ್ ಜೆಂಕಿನ್ಸನ್, ಮೋಟಾರ್ ಸ್ಪೋರ್ಟ್ ಪತ್ರಿಕೆಯ ವರದಿಗಾರ. ಗಡ್ಡ ಬಿಟ್ಟ, ಕನ್ನಡಕದ, ಕುಳ್ಳಗಿನ ಮನುಷ್ಯ.

ರೇಸಿಗೆ ಮುಂಚೆ ಇಬ್ಬರೂ ಆ ದಾರಿಯಲ್ಲಿ ಹಲವು ಸಲ ಓಡಾಡಿದ್ದರು. ಜೆಂಕಿನ್ಸನ್ ಪ್ರತಿ ಅಪಾಯವನ್ನೂ ಬರೆದುಕೊಂಡು ಸುಮಾರು 18 ಅಡಿ ಉದ್ದದ ಕಾಗದದ ಸುರುಳಿ ಮಾಡಿ, ಕಿಟಕಿಯಿರುವ ಒಂದು ಲೋಹದ ಡಬ್ಬಿಯೊಳಗೆ ಹಾಕಿದರು. ಓಡುವ ಕಾರಿನಲ್ಲಿ ಕುಳಿತು ಸುರುಳಿ ತಿರುವುತ್ತಾ ಹೋಗಬೇಕು. ತೆರೆದ ಕಾರು, ಎಂಜಿನ್ ಸದ್ದಿನಲ್ಲಿ ಮಾತು ಕೇಳುವುದಿಲ್ಲ. ಹಾಗಾಗಿ 15 ಕೈಸನ್ನೆಗಳನ್ನು ಗೊತ್ತು ಮಾಡಿಕೊಂಡರು. ದಿಬ್ಬದ ಆಚೆ ರಸ್ತೆ ನೇರವಿದೆ ಎಂದು ಜೆಂಕಿನ್ಸನ್ ಕೈ ತೋರಿಸಿದರೆ ಮಾಸ್ ಏನೂ ಕಾಣದೆ ಪೂರ್ತಿ ವೇಗದಲ್ಲಿ ದಿಬ್ಬ ಹಾರಿಸುತ್ತಿದ್ದರು. ದಾರಿಯಲ್ಲಿ ಜೆಂಕಿನ್ಸನ್‌ಗೆ ವಾಂತಿಯಾಯಿತು, ಬಗ್ಗಿದಾಗ ಕನ್ನಡಕ ಗಾಳಿಗೆ ಹಾರಿತು. ಜೇಬಿನಲ್ಲಿ ಇನ್ನೊಂದು ಕನ್ನಡಕ ಇಟ್ಟುಕೊಂಡಿದ್ದರು. ಹಾಕಿಕೊಂಡು ಓದು ಮುಂದುವರಿಸಿದರು. 10 ಗಂಟೆ 7 ನಿಮಿಷ 48 ಸೆಕೆಂಡಿನಲ್ಲಿ ರೇಸ್ ಗೆದ್ದರು. ಸರಾಸರಿ ವೇಗ ಗಂಟೆಗೆ ಸುಮಾರು 157 ಕಿ.ಮೀ. ಎರಡನೇ ಸ್ಥಾನ ಬಂದ ಹುವಾನ್ ಮ್ಯಾನುಯೆಲ್ ಫ್ಯಾಂಜಿಯೊ ಅರ್ಧ ಗಂಟೆಗೂ ಹೆಚ್ಚು ಹಿಂದಿದ್ದರು. ಫ್ಯಾಂಜಿಯೊ ಒಬ್ಬರೇ ಓಡಿಸಿದ್ದರು.

ಆಮೇಲೆ ಜೆಂಕಿನ್ಸನ್ ಆ ಓಟದ ವರದಿಯನ್ನು ತಾವೇ ಬರೆದರು. ಮೋಟಾರ್ ಕ್ರೀಡೆಯ ಬಗ್ಗೆ ಬಂದ ಶ್ರೇಷ್ಠ ಬರಹಗಳಲ್ಲಿ ಅದೂ ಒಂದು ಎನ್ನುತ್ತಾರೆ. ಅವರ ಕೆಲಸವೇನು ಎಂದು ನೋಡಿದರೆ ಎಲ್ಲ ಒಳ್ಳೆ ವರದಿಗಾರರ ಕೆಲಸವೇ: ಜಾಗಕ್ಕೆ ಹೋಗುವುದು, ಕಂಡದ್ದನ್ನು ತಪ್ಪಿಲ್ಲದೆ ಬರೆದುಕೊಳ್ಳುವುದು, ಸರಿಯಾದ ಹೊತ್ತಿಗೆ ಸರಿಯಾದವರಿಗೆ ಮುಟ್ಟಿಸುವುದು.

ಈ ಸೀಟಿಗೆ ಇರುವ ಅಪಾಯವನ್ನು ನಾವು ಇನ್ನೂ ಕಡಿಮೆ ಬರೆದಿದ್ದೇವೆ. 1986ರ ಮೇ 2ರಂದು ಫ್ರಾನ್ಸಿನ ಕೋರ್ಸಿಕಾ ರ‍್ಯಾಲಿಯಲ್ಲಿ ಲ್ಯಾನ್ಸಿಯಾ ಕಾರು ಕಂದಕಕ್ಕೆ ಉರುಳಿ ಹೊತ್ತಿಕೊಂಡಿತು. ಗ್ರೂಪ್ ಬಿ ಎಂಬ ಅತಿವೇಗದ ಕಾರುಗಳ ಯುಗ ಅದರೊಂದಿಗೆ ಮುಗಿಯಿತು. ರ‍್ಯಾಲಿ ಗೊತ್ತಿರುವ ಯಾರನ್ನು ಕೇಳಿದರೂ ಅವತ್ತು ಸತ್ತವರು ಹೆನ್ರಿ ಟೊಯ್ವೊನೆನ್ ಎಂದು ಹೇಳುತ್ತಾರೆ. ಅದೇ ಕಾರಿನಲ್ಲಿ, ಅದೇ ಬೆಂಕಿಯಲ್ಲಿ ಸೆರ್ಜಿಯೊ ಕ್ರೆಸ್ಟೊ ಕೂಡ ಸತ್ತರು. ಆ ಹೆಸರು ನೆನಪಾಗಬೇಕಾದರೆ ಬಹಳ ಜನ ಸ್ವಲ್ಪ ತಡವರಿಸುತ್ತಾರೆ.

2005ರ ಸೆಪ್ಟೆಂಬರ್ 18ರಂದು ವೇಲ್ಸ್ ರ‍್ಯಾಲಿಯಲ್ಲಿ ಎಸ್ಟೋನಿಯಾದ ಮಾರ್ಕೊ ಮಾರ್ಟಿನ್ ಓಡಿಸುತ್ತಿದ್ದ ಪ್ಯೂಜೊ ಕಾರು ಮರಕ್ಕೆ ಬಡಿಯಿತು. ಪೆಟ್ಟು ಬಿದ್ದದ್ದು ಪಕ್ಕದ ಸೀಟಿನ ಕಡೆಗೆ. ಕೋ-ಡ್ರೈವರ್ ಮೈಕಲ್ ಪಾರ್ಕ್ ಅಲ್ಲೇ ತೀರಿಕೊಂಡರು, ಮಾರ್ಟಿನ್‌ಗೆ ಹೆಚ್ಚೇನೂ ಆಗಲಿಲ್ಲ. ಉಳಿದ ಸ್ಟೇಜುಗಳನ್ನು ರದ್ದು ಮಾಡಿದರು. ಮುಂಚೂಣಿಯಲ್ಲಿದ್ದ ಸೆಬಾಸ್ಟಿಯನ್ ಲೋಬ್ ಗೆದ್ದಿದ್ದರೆ ಅಲ್ಲೇ ವಿಶ್ವ ಚಾಂಪಿಯನ್ ಪಟ್ಟ ಖಚಿತವಾಗುತ್ತಿತ್ತು. ಅವರು ಬೇಕೆಂದೇ ದಂಡದ ಸಮಯ ಹಾಕಿಸಿಕೊಂಡು ಕೆಳಗಿಳಿದರು. ಅಂಥ ದಿನ ಪಟ್ಟ ಬೇಡ ಎಂದರು. ಮಾರ್ಟಿನ್ ಆಮೇಲೆ ವಿಶ್ವ ಚಾಂಪಿಯನ್‌ಶಿಪ್‌ಗೆ ಪೂರ್ಣಾವಧಿ ಚಾಲಕನಾಗಿ ಮರಳಲೇ ಇಲ್ಲ. ಆ ಇಬ್ಬರು ಚಾಲಕರ ನಡವಳಿಕೆಯೇ ಹೇಳುತ್ತದೆ, ಕಾರಿನೊಳಗಿನವರಿಗೆ ಎರಡನೇ ಸೀಟು ಎರಡನೆಯದಲ್ಲ. ಹೊರಗಿನ ನಮಗೆ ಮಾತ್ರ ಹಾಗೆ ಕಾಣುತ್ತದೆ.

ಇಲ್ಲಿ ಒಂದು ಎದುರು ಮಾತು ಬರುತ್ತದೆ, ಅದನ್ನು ಜಾರಿಸಿಬಿಡುವುದು ಸರಿಯಲ್ಲ. "ಕೋ-ಡ್ರೈವರ್ ಅಷ್ಟು ಮುಖ್ಯವಾದರೆ ಅವರನ್ನು ಬದಲಿಸಿದರೂ ಚಾಲಕ ಗೆಲ್ಲುತ್ತಾನಲ್ಲ?" ನಿಜ, ಉದಾಹರಣೆಗಳಿವೆ. ಲೋಬ್ 2004ರಿಂದ 2012ರವರೆಗೆ ಸತತ ಒಂಬತ್ತು ವಿಶ್ವ ಪಟ್ಟ ಗೆದ್ದದ್ದು ಡೇನಿಯಲ್ ಎಲೆನಾ ಜೊತೆ. ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ 79 ರ‍್ಯಾಲಿ ಗೆಲುವುಗಳೂ ಅವರ ಜೊತೆಗೇ. ಆದರೆ 80ನೆಯದು, 2022ರ ಮಾಂಟೆ ಕಾರ್ಲೊ, ಇಸಬೆಲ್ ಗಾಲ್ಮಿಶ್ ಜೊತೆ ಬಂತು. ಗಾಲ್ಮಿಶ್ ಫ್ರಾನ್ಸಿನ ಒಂದು ಶಾಲೆಯ ಗಣಿತದ ಟೀಚರ್. ಹಾಗೆಯೇ 2021ರ ಮಾಂಟೆ ಕಾರ್ಲೊಗೆ ಕೆಲವೇ ದಿನ ಇರುವಾಗ ಬೆಲ್ಜಿಯಂನ ಥಿಯರಿ ನ್ಯೂವಿಲ್ ತಮ್ಮ ಹಳೆಯ ಕೋ-ಡ್ರೈವರ್‌ನಿಂದ ಬೇರೆಯಾಗಿ ಮಾರ್ಟಿನ್ ವೈಡಾಘೆ ಎಂಬ ಹುಡುಗನನ್ನು ಕೂರಿಸಿಕೊಂಡರು. ಮೂರನೇ ಸ್ಥಾನ ಬಂತು.

ಇದರಿಂದ ಕೋ-ಡ್ರೈವರ್ ಯಾರಾದರೂ ನಡೆಯುತ್ತದೆ ಎಂದಾಗುವುದಿಲ್ಲ. ಗಾಲ್ಮಿಶ್ ವರ್ಷಗಟ್ಟಲೆ ಸಣ್ಣ ರ‍್ಯಾಲಿಗಳಲ್ಲಿ ನೋಟ್ಸ್ ಓದಿ ಪಳಗಿದವರು, ಲೋಬ್ ಜೊತೆ ಪರೀಕ್ಷಾ ಓಟಗಳಲ್ಲಿ ಕೂತವರು. ಕೆಲವೇ ದಿನದಲ್ಲಿ ಇನ್ನೊಬ್ಬರ ನೋಟ್ಸಿಗೆ, ಇನ್ನೊಬ್ಬರ ಲಯಕ್ಕೆ ಒಗ್ಗಿಕೊಂಡ ವೈಡಾಘೆ 2024ರಲ್ಲಿ ನ್ಯೂವಿಲ್ ಜೊತೆಗೇ ವಿಶ್ವ ಚಾಂಪಿಯನ್ ಆದರು. ಭಾಗವತರಿಗೆ ಹುಷಾರಿಲ್ಲದ ರಾತ್ರಿ ಇನ್ನೊಬ್ಬ ಭಾಗವತರು ಬಂದು ಆಟ ನಡೆಸಿಕೊಟ್ಟರೆ ಭಾಗವತಿಕೆ ಸುಲಭ ಎಂದು ಯಾರೂ ಹೇಳುವುದಿಲ್ಲ, ಬಂದವರು ಗಟ್ಟಿಗರು ಎನ್ನುತ್ತೇವೆ. ಇಲ್ಲೂ ಅದೇ ನ್ಯಾಯ ಇರಲಿ.

ಆಳುವ ಸಂಸ್ಥೆಗಳಿಗೆ ಈ ನ್ಯಾಯ ಯಾವಾಗಲೋ ಗೊತ್ತಾಗಿದೆ. ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಚಾಲಕರಿಗೆ ಒಂದು ಪಟ್ಟ, ಕೋ-ಡ್ರೈವರ್‌ಗಳಿಗೆ ಇನ್ನೊಂದು ಪಟ್ಟ, ಅಂಕಪಟ್ಟಿ ಬೇರೆ ಬೇರೆ. 1981ರಲ್ಲಿ ಗೀ ಫ್ರೆಕೆಲಾ ಜೊತೆ ಪಕ್ಕದ ಸೀಟಿನಲ್ಲಿ ಕೂತು ಆ ವರ್ಷ ಎರಡನೇ ಸ್ಥಾನ ಪಡೆದ ಜಾನ್ ಟಾಡ್ ಮುಂದೆ ಫೆರಾರಿ ತಂಡದ ಮುಖ್ಯಸ್ಥರಾದರು, 2009ರಿಂದ 2021ರವರೆಗೆ ಎಫ್‌ಐಎ ಅಧ್ಯಕ್ಷರೂ ಆಗಿದ್ದರು. ಸಮಯ, ಲೆಕ್ಕ, ಒತ್ತಡದಲ್ಲಿ ತಣ್ಣಗಿರುವುದು, ಇನ್ನೊಬ್ಬರನ್ನು ಅರಿಯುವುದು, ಇವೆಲ್ಲ ಆ ಸೀಟಿನಲ್ಲಿ ಕೂತವರಿಗೆ ದಿನನಿತ್ಯದ ಕೆಲಸ.

ಇಷ್ಟೆಲ್ಲ ಹೊರದೇಶದ ಮಾತಾಯಿತು. ಇದು ನಮಗೆ ಯಾಕೆ ಬೇಕು ಎಂದರೆ, ರ‍್ಯಾಲಿ ನಮ್ಮ ಮನೆ ಬಾಗಿಲಿಗೇ ಬಂದಿರುವ ಆಟ. ಚಿಕ್ಕಮಗಳೂರಿನ ಕಾಫಿ ಎಸ್ಟೇಟ್ ರಸ್ತೆಗಳಲ್ಲಿ ರಾಷ್ಟ್ರೀಯ ರ‍್ಯಾಲಿ ಚಾಂಪಿಯನ್‌ಶಿಪ್ ಮಾತ್ರವಲ್ಲ, ಏಷ್ಯಾ ಪೆಸಿಫಿಕ್ ಚಾಂಪಿಯನ್‌ಶಿಪ್ ಸುತ್ತುಗಳೂ ನಡೆದಿವೆ. ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ನಡೆಸುವ ಕೆ-1000 ರ‍್ಯಾಲಿಗೆ ದೇಶದಲ್ಲೇ ಹಳೆಯ ಹೆಸರಿದೆ. ಗಡಿಯಾಚೆ ಅನ್ನಿಸದಷ್ಟು ಹತ್ತಿರದ ಕಾಸರಗೋಡು ಜಿಲ್ಲೆಯ ಮೂಸಾ ಶರೀಫ್ ದೇಶದ ಅತಿ ಅನುಭವಿ ಕೋ-ಡ್ರೈವರ್‌ಗಳಲ್ಲಿ ಒಬ್ಬರು, ಗೌರವ್ ಗಿಲ್ ಸೇರಿ ಹಲವು ಚಾಲಕರಿಗೆ ನೋಟ್ಸ್ ಓದಿದವರು. ಕರ್ಣ ಕಡೂರ್ ಅವರ ಗೆಲುವುಗಳಲ್ಲಿ ನಿಖಿಲ್ ಪೈ ಅವರ ಪಾಲಿದೆ. 2019ರಲ್ಲಿ ಮೋಟಾರ್ ಕ್ರೀಡೆಗೆ ಮೊದಲ ಬಾರಿ ಅರ್ಜುನ ಪ್ರಶಸ್ತಿ ಬಂದಾಗ ಅದು ಚಾಲಕ ಗಿಲ್ ಅವರಿಗೆ ಬಂತು. ಅರ್ಹರಿಗೇ ಬಂತು, ಅದರಲ್ಲಿ ತಕರಾರಿಲ್ಲ. ಮುಂದೊಂದು ದಿನ ಆ ಪಟ್ಟಿಯಲ್ಲಿ ಕೋ-ಡ್ರೈವರ್ ಹೆಸರೂ ಬರಬೇಕಾದರೆ ಮೊದಲು ಅದು ಸುದ್ದಿಯಲ್ಲಿ ಬಂದಿರಬೇಕಲ್ಲ?

ಹಳ್ಳಿಯ ಕಡೆಯಿಂದ ಬಂದ ನಮಗೆ ಇದರಲ್ಲಿ ಇನ್ನೂ ಒಂದು ವಿಷಯವಿದೆ. ರ‍್ಯಾಲಿ ದುಡ್ಡಿನ ಆಟ. ಕಾರು, ಅದಕ್ಕೆ ರೋಲ್ ಕೇಜ್, ಸಸ್ಪೆನ್ಷನ್, ಟಯರ್, ಮೆಕ್ಯಾನಿಕ್, ಸಾಗಾಟ, ಒಂದು ಅಪಘಾತವಾದರೆ ಮತ್ತೆ ಅಷ್ಟು ಖರ್ಚು. ಸಾಧಾರಣ ಮನೆಯ ಹುಡುಗ ಚಾಲಕನಾಗುವುದು ಬಹಳ ಕಷ್ಟ. ಆದರೆ ಪಕ್ಕದ ಸೀಟಿಗೆ ಸ್ವಂತ ಕಾರು ಬೇಕಿಲ್ಲ. ಭಾರತೀಯ ಮೋಟಾರ್ ಕ್ರೀಡಾ ಕ್ಲಬ್‌ಗಳ ಒಕ್ಕೂಟದ ಸ್ಪರ್ಧಾ ಲೈಸೆನ್ಸ್, ಹೆಲ್ಮೆಟ್, ಬೆಂಕಿ ತಡೆಯುವ ಉಡುಪು ಬೇಕು, ಅದಕ್ಕೂ ಖರ್ಚಿದೆ, ಆದರೂ ಅದು ಕಾರಿನ ಖರ್ಚಲ್ಲ. ಉಳಿದದ್ದೆಲ್ಲ ಪುಸ್ತಕ, ಪೆನ್ಸಿಲ್, ಸ್ಪಷ್ಟ ಉಚ್ಚಾರ, ಲೆಕ್ಕ, ಗಟ್ಟಿ ಹೊಟ್ಟೆ. ಘಾಟಿಯಲ್ಲಿ ಲಾರಿ ಹಿಂದೆ ಬರುವಾಗ ಕೆಳಗಿಳಿದು "ಬರ್ಲಿ, ಬರ್ಲಿ, ಲೆಫ್ಟ್ ಹೊಡಿ, ಸಾಕು" ಎಂದು ಕೂಗುವ ಕ್ಲೀನರ್ ಹುಡುಗನಿಗೆ ಈ ವಿದ್ಯೆಯ ಮೊದಲ ಪಾಠ ಈಗಾಗಲೇ ಗೊತ್ತಿದೆ. ಡ್ರೈವರ್ ಅವನ ಮಾತು ಕೇಳಿಯೇ ಪ್ರಪಾತದ ಅಂಚಿಗೆ ಚಕ್ರ ತರುತ್ತಾನೆ.

ಕಲಿಯಲು ದಾರಿಯೂ ಇದೆ. ಟೈಮ್-ಸ್ಪೀಡ್-ಡಿಸ್ಟೆನ್ಸ್ ರ‍್ಯಾಲಿಗಳು, ಅಂದರೆ ಟಿಎಸ್‌ಡಿ, ಸಾಮಾನ್ಯ ಕಾರಿನಲ್ಲಿ, ಸಾಮಾನ್ಯ ರಸ್ತೆಯಲ್ಲಿ ನಡೆಯುತ್ತವೆ. ಅಲ್ಲಿ ವೇಗ ಮುಖ್ಯವಲ್ಲ, ಕೊಟ್ಟ ಸರಾಸರಿಯಲ್ಲಿ ನಿಖರವಾಗಿ ಹೋಗಬೇಕು. ಸರಾಸರಿ 36 ಕಿ.ಮೀ. ಎಂದರೆ ಒಂದು ಕಿಲೋಮೀಟರಿಗೆ 100 ಸೆಕೆಂಡ್, 40 ಎಂದರೆ 90 ಸೆಕೆಂಡ್. ದಾರಿಯಲ್ಲಿ ಸರಾಸರಿ ಬದಲಾಗುತ್ತಿರುತ್ತದೆ, ದನ ಅಡ್ಡ ಬಂದು ಕಳೆದುಹೋದ ಸೆಕೆಂಡುಗಳನ್ನು ಎಲ್ಲಿ ಹೊಂದಿಸಬೇಕು ಎಂದು ಪಕ್ಕದವರು ಹೇಳುತ್ತಿರಬೇಕು. ನಮ್ಮ ದೇಶದ ಹಲವು ನಗರಗಳಲ್ಲಿ ಅಂಧರೇ ದಾರಿ ತೋರಿಸುವ ಕಾರು ರ‍್ಯಾಲಿಗಳು ನಡೆಯುತ್ತವೆ. ಬ್ರೈಲ್ ಲಿಪಿಯ ದಾರಿಪಟ್ಟಿಯನ್ನು ಬೆರಳಿನಿಂದ ಓದುತ್ತಾ ಅವರು ಹೇಳುತ್ತಾರೆ, ಕಣ್ಣಿರುವ ಚಾಲಕ ಅವರ ಮಾತಿನಂತೆ ತಿರುಗಿಸುತ್ತಾನೆ. ಕೋ-ಡ್ರೈವರ್ ಎಂದರೆ ಯಾರು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ವಿವರಣೆ ನನಗೆ ಸಿಕ್ಕಿಲ್ಲ.

ಹೆಣ್ಣುಮಕ್ಕಳಿಗೂ ಈ ಬಾಗಿಲು ತೆರೆದೇ ಇದೆ. 1981ರಲ್ಲಿ ಇಟಲಿಯ ಸಾನ್ ರೆಮೊ ರ‍್ಯಾಲಿಯಲ್ಲಿ ಮಿಶೆಲ್ ಮೌಟನ್ ವಿಶ್ವ ಚಾಂಪಿಯನ್‌ಶಿಪ್ ಸುತ್ತು ಗೆದ್ದ ಮೊದಲ ಮಹಿಳಾ ಚಾಲಕಿಯಾದಾಗ ಪಕ್ಕದಲ್ಲಿ ನೋಟ್ಸ್ ಓದುತ್ತಿದ್ದವರು ಫ್ಯಾಬ್ರಿಜಿಯಾ ಪಾನ್ಸ್. ಅದೇ ಪಾನ್ಸ್ 1997ರಲ್ಲಿ ಪಿಯೆರೊ ಲಿಯಾಟ್ಟಿ ಜೊತೆ ಮಾಂಟೆ ಕಾರ್ಲೊ ಗೆದ್ದರು. ಆದರೆ ನಮ್ಮೂರಿನ ಹುಡುಗಿಗೆ ಇಂಥ ಒಂದು ಕೆಲಸ ಇದೆ ಎಂಬುದೇ ಗೊತ್ತಾಗದಿದ್ದರೆ ಅವಳು ಅದನ್ನು ಆಸೆಪಡುವುದಾದರೂ ಹೇಗೆ? ಪೇಪರಿನಲ್ಲಿ ಇಲ್ಲದ ಹೆಸರು ಯಾರ ಕನಸಿಗೂ ಬರುವುದಿಲ್ಲ. ಹೆಸರು ಬಿಟ್ಟರೆ ಆಗುವ ನಿಜವಾದ ನಷ್ಟ ಇದು.

ಹಾಗಾಗಿ ಜಿಲ್ಲಾ ವರದಿಗಾರರಾಗಿರುವ, ಡೆಸ್ಕಿನಲ್ಲಿರುವ, ಯೂಟ್ಯೂಬ್ ಚಾನೆಲ್ ನಡೆಸುವ ನಮ್ಮ ಗೆಳೆಯರಲ್ಲಿ ನನ್ನದು ಸಣ್ಣ ಕೋರಿಕೆ. ರ‍್ಯಾಲಿ ಸುದ್ದಿ ಬರೆಯುವಾಗ ಮೊದಲ ಪ್ಯಾರಾದಲ್ಲೇ ಎರಡೂ ಹೆಸರು ಬರೆಯಿರಿ. ಫೋಟೋ ಅಡಿಯ ಸಾಲಿನಲ್ಲಿ "ಮತ್ತು ಸಂಗಡಿಗ" ಎಂದು ಹಾಕಬೇಡಿ, ಹೆಸರು ಹಾಕಿ. ಎರಡೂ ಊರುಗಳನ್ನು ಬರೆಯಿರಿ. ಕಾರು ಫಿನಿಶ್‌ಗೆ ಬಂದಾಗ ಮೈಕನ್ನು ಬಲಗಡೆಯ ಕಿಟಕಿಗೆ ಮಾತ್ರ ಹಿಡಿಯಬೇಡಿ, ಎಡಗಡೆಗೂ ಹೋಗಿ ಒಂದು ಪ್ರಶ್ನೆ ಕೇಳಿ: "ಇವತ್ತು ನೋಟ್ಸಿನಲ್ಲಿ ಎಲ್ಲಿ ಕಷ್ಟ ಆಯ್ತು?" ಚಾಲಕ "ಕಾರು ಚೆನ್ನಾಗಿತ್ತು, ಟೀಮ್‌ಗೆ ಥ್ಯಾಂಕ್ಸ್" ಎನ್ನುವಷ್ಟರಲ್ಲಿ ಇವರು ಯಾವ ತಿರುವಿನಲ್ಲಿ, ಯಾಕೆ, ಎಷ್ಟು ಸೆಕೆಂಡ್ ಹೋಯಿತು ಎಂದು ಹೇಳಿಯಾರು. ಇಡೀ ರ‍್ಯಾಲಿ ಅವರ ಕೈಯಲ್ಲಿರುವ ಪುಸ್ತಕದಲ್ಲಿ ಬರೆದಿರುತ್ತದೆ. ವರದಿಗಾರರಿಗೆ ಅದಕ್ಕಿಂತ ಒಳ್ಳೆಯ ಮೂಲ ಬೇರೆ ಎಲ್ಲಿ ಸಿಗುತ್ತದೆ?

ಜಾಗ ಇಲ್ಲ ಎನ್ನುವ ಡೆಸ್ಕಿನವರಿಗೂ ಒಂದು ಮಾತು. ಒಂದು ಅಡ್ಡಗೆರೆ, ಒಂದು ಹೆಸರು, ಎರಡೂ ಸೇರಿ ಅರ್ಧ ಸಾಲೂ ಆಗುವುದಿಲ್ಲ. ನಮ್ಮಲ್ಲಿ ಬಹಳ ಜನ ಹಳ್ಳಿಯಿಂದ ಸುದ್ದಿ ಕಳಿಸಿ, ಮಾರನೇ ದಿನ ಅದು ಬೇರೆಯವರ ಹೆಸರಿನಲ್ಲಿ ಬಂದದ್ದನ್ನು ನೋಡಿದವರು. ಹೆಸರು ಬಿಟ್ಟುಹೋದಾಗ ಹೇಗಿರುತ್ತದೆ ಎಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮುಂದಿನ ಸಲ ಚಿಕ್ಕಮಗಳೂರಿನ ರ‍್ಯಾಲಿ ಫಲಿತಾಂಶ ಕೈಗೆ ಬಂದಾಗ ಅಡ್ಡಗೆರೆಯ ಆಚೆಗಿರುವ ಹೆಸರನ್ನೂ ಟೈಪ್ ಮಾಡಿ, ಅದರ ಕಾಗುಣಿತ ಸರಿ ಇದೆಯೇ ಎಂದು ಅವರನ್ನೇ ಒಮ್ಮೆ ಕೇಳಿಕೊಳ್ಳಿ.